ಮಳೆ ಬಂದದ್ದು ಎಷ್ಟು? ಯಾರ ಬೀದಿಯಲ್ಲಿ?

ಬೆಂಗಳೂರಿನ ದಕ್ಷಿಣ ಬಡಾವಣೆಗಳ ನಿವಾಸಿಗಳಿಗೆ ಈ ಅನುಭವ ಹೊಸದೇನಲ್ಲ. ಮೇ ತಿಂಗಳ ಒಂದು ಸಂಜೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಜನ ಅಂಗಡಿಗಳ ಸೂರಿನಡಿ ನಿಂತು ಮಳೆ ನಿಲ್ಲುವುದನ್ನೇ ಕಾಯುತ್ತಿರುತ್ತಾರೆ. ಅದೇ ಹೊತ್ತಿಗೆ ಬನಶಂಕರಿಯ ಬಸ್ ನಿಲ್ದಾಣದಲ್ಲಿ ರಸ್ತೆ ಒಣಗಿದ್ದು, ಧೂಳು ಏಳುತ್ತಿರುತ್ತದೆ. ಜೆ.ಪಿ. ನಗರದಲ್ಲಿ ಬರೀ ಗುಡುಗು, ಬಿ.ಟಿ.ಎಂ. ಬಡಾವಣೆಯಲ್ಲಿ ಮೊಣಕಾಲುದ್ದ ನೀರು. ಮರುದಿನ ಪತ್ರಿಕೆ ತೆರೆದರೆ ‘ನಗರದಲ್ಲಿ ಇಂತಿಷ್ಟು ಮಿಲಿಮೀಟರ್ ಮಳೆ’ ಎಂಬ ಒಂದೇ ಒಂದು ಸಾಲು. ಈ ಮಳೆ ಯಾರದು? ಜಯನಗರದ್ದೋ, ಬನಶಂಕರಿಯದ್ದೋ?

ಬಹಳ ಕಾಲ ಈ ಪ್ರಶ್ನೆಗೆ ಉತ್ತರ ಸರಳವಾಗಿತ್ತು. ಅದು ಅರಮನೆ ರಸ್ತೆಯ ಮಳೆ. ಭಾರತೀಯ ಹವಾಮಾನ ಇಲಾಖೆಯ ಬೆಂಗಳೂರು ವೀಕ್ಷಣಾಲಯ ಇರುವುದು ಅಲ್ಲಿ. ಹಿಂದಿನ ದಿನ ಬೆಳಿಗ್ಗೆ ಎಂಟೂವರೆಯಿಂದ ಈ ದಿನ ಬೆಳಿಗ್ಗೆ ಎಂಟೂವರೆಯವರೆಗೆ ಅಲ್ಲಿನ ಮಾಪಕಕ್ಕೆ ಬಿದ್ದ ನೀರೇ ಇಡೀ ನಗರದ ಮಳೆಯೆಂದು ದಾಖಲಾಗುತ್ತಿತ್ತು. ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಇನ್ನೊಂದು, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಮತ್ತೊಂದು ಲೆಕ್ಕ ಇದ್ದರೂ ಜನರ ಬಾಯಲ್ಲಿ ಉಳಿಯುತ್ತಿದ್ದುದು ಅರಮನೆ ರಸ್ತೆಯ ಅಂಕಿಯೇ. ಅಲ್ಲಿಂದ ಜೆ.ಪಿ. ನಗರಕ್ಕೆ ಸುಮಾರು ಹತ್ತು ಕಿಲೋಮೀಟರ್. ನಮ್ಮ ಮುಂಗಾರುಪೂರ್ವದ ಗುಡುಗು ಮೋಡದ ಹರವು ಅನೇಕ ಬಾರಿ ಅಷ್ಟಿರುವುದಿಲ್ಲ.

ಈ ಕೊರತೆಯನ್ನು ತುಂಬಲೆಂದೇ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಬಂದವು. ಉದ್ಯಾನದ ಮೂಲೆಯಲ್ಲೋ ಶಾಲೆಯ ಆವರಣದಲ್ಲೋ ಕಬ್ಬಿಣದ ಒಂದು ಕಂಬ, ಅದರ ಮೇಲೆ ಸೌರಫಲಕ, ತಿರುಗುವ ಬಟ್ಟಲುಗಳು, ಬದಿಯಲ್ಲಿ ಬಿಳಿ ಬಣ್ಣದ ಡಬ್ಬ. ದಾರಿಹೋಕರು ಅದನ್ನು ಮೊಬೈಲ್ ಕಂಪನಿಯ ಗೋಪುರವೆಂದೋ ವಿದ್ಯುತ್ ಮಂಡಳಿಯ ಸಲಕರಣೆಯೆಂದೋ ತಿಳಿದು ಮುಂದೆ ಸಾಗುತ್ತಾರೆ. ಇಂಥ ಒಂದು ಹೊಸ ಕಂಬ ಜಾಲಕ್ಕೆ ಸೇರಿದಾಗ ಏನಾಗುತ್ತದೆ, ಅದರಿಂದ ಯಾರಿಗೆ ಏನು ಪ್ರಯೋಜನ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉಗ್ರಾಣದ ಮುಂದಿನ ಪಾತ್ರೆ

ಮಳೆಯನ್ನು ಅಳೆಯುವ ವಿದ್ಯೆ ಪರದೇಶದಿಂದ ಬಂದದ್ದೆಂದು ಭಾವಿಸುವವರಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದರ ಪ್ರಸ್ತಾಪವಿದೆ. ರಾಜ್ಯದ ಉಗ್ರಾಣದ ಬಳಿ ಒಂದು ಮೊಳ ಅಗಲದ ಬಾಯಿಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಅದು ವಿಧಿಸುತ್ತದೆ. ಒಣನಾಡಿಗೆ 16 ದ್ರೋಣ, ನೀರು ಹೆಚ್ಚಿರುವ ನಾಡಿಗೆ ಅದರ ಒಂದೂವರೆ ಪಟ್ಟು ಎಂದು ಪ್ರದೇಶವಾರು ಮಳೆಯ ಪ್ರಮಾಣವನ್ನೂ ಹೇಳುತ್ತದೆ. ಬಿತ್ತನೆ ಈ ಲೆಕ್ಕವನ್ನು ಅನುಸರಿಸಬೇಕಿತ್ತು. ಪಾತ್ರೆ ಇದ್ದದ್ದು ಉಗ್ರಾಣದ ಬಳಿ ಎಂಬುದನ್ನು ಗಮನಿಸಬೇಕು. ಮಳೆಯ ಲೆಕ್ಕವೆಂದರೆ ಅನ್ನದ ಲೆಕ್ಕ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಶತಮಾನಗಳ ಕಾಲ ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಾಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಒಂದು ಪಾತ್ರೆ ಒಂದು ಊರಿನ ಮಳೆಯನ್ನು ಹೇಳಬಲ್ಲದು. ಒಂದು ನಾಡಿನ ಮಳೆಯನ್ನು ಹೇಳಲು ಒಂದೇ ಅಳತೆಯ ಅನೇಕ ಪಾತ್ರೆಗಳು ಬೇಕು. ಕೊರಿಯಾದಲ್ಲಿ ಸೆಜಾಂಗ್ ದೊರೆ 1440ರ ದಶಕದ ಆರಂಭದಲ್ಲಿ ಒಂದೇ ಮಾದರಿಯ ಮಳೆಮಾಪಕಗಳನ್ನು ಪ್ರಾಂತ್ಯಗಳಿಗೆಲ್ಲ ಕಳುಹಿಸಿದ. ಬ್ರಿಟನ್ನಿನಲ್ಲಿ ಜಾರ್ಜ್ ಸೈಮನ್ಸ್ ಎಂಬಾತ 1860ರಿಂದ ಪಾದ್ರಿಗಳು, ವೈದ್ಯರು, ಜಮೀನ್ದಾರರು ಮುಂತಾದ ಸ್ವಯಂಸೇವಕರನ್ನು ಸೇರಿಸುತ್ತ ಹೋದ. ಆತ 1900ರಲ್ಲಿ ತೀರಿಕೊಳ್ಳುವ ವೇಳೆಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಪ್ರತಿದಿನ ತಮ್ಮ ಅಂಗಳದ ಮಳೆಯನ್ನು ಅಳೆದು ಬರೆದಿಡುತ್ತಿದ್ದರು.

ಬರದಿಂದ ಬಂದ ಬುದ್ಧಿ

ನಮ್ಮಲ್ಲಿ ಈ ಕೆಲಸಕ್ಕೆ ಚಾಲನೆ ಕೊಟ್ಟದ್ದು ಹಸಿವು. 1864ರ ಕಲ್ಕತ್ತೆಯ ಚಂಡಮಾರುತ, ನಂತರದ ವರ್ಷಗಳ ಮಳೆ ವೈಫಲ್ಯ ಹಾಗೂ ಕ್ಷಾಮಗಳು 1875ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಸ್ಥಾಪನೆಗೆ ಕಾರಣವಾದವು. ಅದರ ಮರುವರ್ಷವೇ ಮೈಸೂರು ಸೀಮೆಯಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ‘ಧಾತು ಈಶ್ವರ ಬರ’ ಎಂದು ನೆನೆಯುತ್ತಿದ್ದ ಆ ಘೋರ ಕ್ಷಾಮ ಸಂಸ್ಥಾನವನ್ನು ಅಕ್ಷರಶಃ ಬರಿದು ಮಾಡಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಮುಂದೆ 1890ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಬೆಂಗಳೂರು, ಮೈಸೂರು, ಹಾಸನ ಮತ್ತು ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳನ್ನು ತೆರೆಯಿತು. ಅವುಗಳ ಉಸ್ತುವಾರಿ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅವರದಾಗಿತ್ತು. ತಾಲ್ಲೂಕು ಕಚೇರಿಗಳ ಅಂಗಳದಲ್ಲಿ ಮಳೆಮಾಪಕಗಳು ನಿಂತವು. ಬೆಳಿಗ್ಗೆ ಗುಮಾಸ್ತರೊಬ್ಬರು ಕೊಳವೆಯಲ್ಲಿನ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು ಅಂಗುಲ, ಸೆಂಟ್‌ಗಳ ಲೆಕ್ಕದಲ್ಲಿ ದಫ್ತರಕ್ಕೆ ಏರಿಸುತ್ತಿದ್ದರು. ಈ ಲೆಕ್ಕಗಳೆಲ್ಲ ಬೆಂಗಳೂರಿಗೆ ತಲುಪಿ, ಒಟ್ಟುಗೂಡಿ ವರದಿಯಾಗುವಷ್ಟರಲ್ಲಿ ಆ ಮಳೆ ಬೆಳೆಯಾಗಿ ಕೊಯ್ಲೂ ಆಗಿರುತ್ತಿತ್ತು ಎನ್ನುವುದು ಬೇರೆ ಮಾತು.

ಇನ್ನೊಂದು ತಿರುವು ಬಂದದ್ದು 1980ರ ದಶಕದ ನಡುವಿನ ಸತತ ಬರಗಾಲದಲ್ಲಿ. ಯಾವ ತಾಲ್ಲೂಕಿನಲ್ಲಿ ಬರ, ಯಾವುದರಲ್ಲಿ ಇಲ್ಲ ಎಂದು ನಿರ್ಧರಿಸಲು ಸಕಾಲದ ಅಂಕಿಅಂಶವೇ ಇರಲಿಲ್ಲ. 1988ರಲ್ಲಿ ಕರ್ನಾಟಕ ಸರ್ಕಾರ ಬರ ಉಸ್ತುವಾರಿ ಘಟಕವೊಂದನ್ನು ಆರಂಭಿಸಿತು. ದೇಶದಲ್ಲೇ ಇಂಥ ಮೊದಲ ಪ್ರಯತ್ನವೆಂಬ ಹೆಗ್ಗಳಿಕೆ ಅದಕ್ಕಿದೆ. 2007ರಲ್ಲಿ ಅದಕ್ಕೆ ‘ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ’ ಎಂಬ ಹೆಸರು ಬಂತು. ಯಲಹಂಕದಲ್ಲಿರುವ ಈ ಕೇಂದ್ರ ಕ್ರಮೇಣ ಹೋಬಳಿ ಮಟ್ಟಕ್ಕೆ ಹವಾಮಾನ ಕೇಂದ್ರಗಳನ್ನೂ, ಗ್ರಾಮ ಪಂಚಾಯಿತಿ ಮಟ್ಟಕ್ಕೆ ಟೆಲಿಮೆಟ್ರಿಕ್ ಮಳೆಮಾಪಕಗಳನ್ನೂ ವಿಸ್ತರಿಸಿತು. ಅಳೆದ ಅಂಕಿಯನ್ನು ತಾನೇ ದೂರಕ್ಕೆ ರವಾನಿಸುವ ಉಪಕರಣಕ್ಕೆ ಟೆಲಿಮೆಟ್ರಿಕ್ ಎಂದು ಹೆಸರು. ರಾಜ್ಯದಲ್ಲಿ ಸ್ಥಾಪಿಸಿದ ಮಳೆಮಾಪಕಗಳು ಸುಮಾರು 6,500. ಹವಾಮಾನ ಕೇಂದ್ರಗಳು 900ಕ್ಕೂ ಹೆಚ್ಚು. ಬೆಂಗಳೂರು ನಗರದ ವಾರ್ಡುಗಳಲ್ಲಿಯೇ ಸುಮಾರು ನೂರು ಮಾಪಕಗಳನ್ನು ಹಾಕಲಾಯಿತು. ಮಳೆಗಾಲದ ಪ್ರಕಟಣೆಗಳಲ್ಲಿ ವಿದ್ಯಾಪೀಠ, ಬಿಳೇಕಹಳ್ಳಿ, ಅರಕೆರೆ, ಗೊಟ್ಟಿಗೆರೆ ಎಂದು ನಮ್ಮ ದಕ್ಷಿಣದ ಹೆಸರುಗಳು ಬೇರೆಬೇರೆಯಾಗಿ ಕಾಣಿಸತೊಡಗಿದ್ದು ಹೀಗೆ. ಬರವನ್ನು ಅಳೆಯಲು ಹುಟ್ಟಿದ ಸಂಸ್ಥೆ ನೆರೆಯನ್ನೂ ಅಳೆಯಬೇಕಾಗಿ ಬಂತು.

ಕಂಬದ ಮೇಲೆ ಏನಿದೆ?

ಈಗ ಆ ಕಂಬದ ಬಳಿಗೆ ಬರೋಣ. ಮಳೆಮಾಪಕದ ಒಳಗೆ ಇರುವುದು ಮಕ್ಕಳ ತೂಗುಹಲಗೆಯಂಥ ಒಂದು ಸಣ್ಣ ಸಾಧನ. ಹಲಗೆಯ ಎರಡು ತುದಿಗೂ ಒಂದೊಂದು ಪುಟ್ಟ ತೊಟ್ಟಿ. ಮೇಲಿನ ಆಲಿಕೆಯಿಂದ ಇಳಿದ ನೀರು ಒಂದು ತೊಟ್ಟಿಯನ್ನು ತುಂಬುತ್ತದೆ. ತುಂಬಿದೊಡನೆ ಅದು ವಾಲಿ ನೀರನ್ನು ಚೆಲ್ಲುತ್ತದೆ. ಆಗ ಇನ್ನೊಂದು ತೊಟ್ಟಿ ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ವಾಲಿಗೆ ಒಂದು ಕಾಂತೀಯ ಸ್ವಿಚ್ಚು ‘ಟಿಕ್’ ಎಂದು ಎಣಿಸುತ್ತದೆ. ಆಲಿಕೆಯ ಬಾಯಿಯ ವ್ಯಾಸ 20 ಸೆಂಟಿಮೀಟರ್ ಇದ್ದರೆ ಅರ್ಧ ಮಿಲಿಮೀಟರ್ ಮಳೆಗೆ ಬೀಳುವ ನೀರು 15.7 ಮಿಲಿಲೀಟರ್. ಎಂದರೆ ಒಂದು ದೊಡ್ಡ ಚಮಚದಷ್ಟು. ಬೆಂಗಳೂರಿನ ಮಹಾಮಳೆಗಳ ಲೆಕ್ಕವೆಲ್ಲ ಹೀಗೆ ಚಮಚ ಚಮಚವಾಗಿಯೇ ನಡೆಯುತ್ತದೆ!

ಬಿಳಿ ಡಬ್ಬದ ಒಳಗೆ ಉಷ್ಣಾಂಶ ಮತ್ತು ಆರ್ದ್ರತೆಯ ಸಂವೇದಕಗಳಿವೆ. ಉಷ್ಣಾಂಶ ಹೆಚ್ಚಿದಂತೆ ಪ್ಲಾಟಿನಂ ತಂತಿಯ ವಿದ್ಯುತ್ ನಿರೋಧ ಹೆಚ್ಚುತ್ತದೆ; ಆ ಹೆಚ್ಚಳವೇ ಅಳತೆ. ಬಿಸಿಲು ನೇರವಾಗಿ ತಾಗದಂತೆ, ಆದರೆ ಗಾಳಿಯಾಡುವಂತೆ ಡಬ್ಬಕ್ಕೆ ಬಿಳಿಯ ಪದರಗಳಿರುತ್ತವೆ. ಹಳೆಯ ವೀಕ್ಷಣಾಲಯಗಳಲ್ಲಿ ಇದೇ ಕೆಲಸವನ್ನು ಜಾಲರಿ ಬಾಗಿಲಿನ ಬಿಳಿ ಮರದ ಪೆಟ್ಟಿಗೆ ಮಾಡುತ್ತಿತ್ತು. ಗಾಳಿಮಾಪಕದ ಬಟ್ಟಲುಗಳು ನಿಯಮದ ಪ್ರಕಾರ ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿರಬೇಕು.

ವಾಯುಭಾರದ್ದು ಇನ್ನೊಂದು ಸ್ವಾರಸ್ಯ. ಸಮುದ್ರಮಟ್ಟದಲ್ಲಿ ಇದು ಸಾಮಾನ್ಯವಾಗಿ 1,013 ಹೆಕ್ಟೊಪ್ಯಾಸ್ಕಲ್ ಇರುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಮಾಪಕ 910ರ ಆಸುಪಾಸಿನ ಅಂಕಿಯನ್ನು ತೋರಿಸುತ್ತದೆ. ಹಾಗೆಂದು ನಮ್ಮ ಮೇಲೆ ಸದಾ ಚಂಡಮಾರುತ ನಿಂತಿದೆ ಎಂದು ಅರ್ಥವಲ್ಲ. ಮಂಗಳೂರಿನ ಅಂಕಿಯೊಡನೆ ಹೋಲಿಸಬೇಕಾದರೆ ಎರಡನ್ನೂ ಸಮುದ್ರಮಟ್ಟದ ಲೆಕ್ಕಕ್ಕೆ ತಂದುಕೊಳ್ಳಬೇಕು. ಜಾಲಕ್ಕೆ ಸೇರುವುದೆಂದರೆ ಮೊದಲನೆಯದಾಗಿ ಇದೇ: ಒಂದೇ ಎತ್ತರದ ನಿಯಮ, ಒಂದೇ ಮಾನ, ಒಂದೇ ಗಡಿಯಾರ. ಇವಿಲ್ಲದ ಸಾವಿರ ಅಂಕಿಗಳು ಸಾವಿರ ಹರಟೆಗಳಷ್ಟೇ.

ಹೀಗೆ ಕೂಡಿದ ಅಂಕಿಗಳನ್ನು ಪ್ರತಿ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಯಲಹಂಕಕ್ಕೆ ಕಳುಹಿಸುವ ವ್ಯವಸ್ಥೆ ಇದೆ. 15 ನಿಮಿಷ ಎಂಬುದು ಮುಖ್ಯ. ಒಂದು ದಿನದಲ್ಲಿ 60 ಮಿ.ಮೀ. ಮಳೆ ಎಂದರೆ ದಿನವಿಡೀ ಹಿಡಿದ ಜಡಿಮಳೆಯೂ ಆಗಬಹುದು, ಒಂದು ಗಂಟೆಯಲ್ಲಿ ಸುರಿದು ಹೋದ ಕುಂಭದ್ರೋಣವೂ ಆಗಬಹುದು. ಮೊದಲನೆಯದು ಗಿಡಗಳಿಗೆ ಹಿತ. ಎರಡನೆಯದು ರಾಜಕಾಲುವೆಯನ್ನು ಉಕ್ಕಿಸುತ್ತದೆ. ದಿನದ ಒಟ್ಟು ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ.

ಅಕ್ಕಪಕ್ಕದವರ ಸಾಕ್ಷಿ

ಹೊಸ ಕೇಂದ್ರವೊಂದು ಬಂದರೆ ತನ್ನ ಬೀದಿಯ ಮಳೆಯನ್ನು ಹೇಳುವುದಲ್ಲದೆ ನೆರೆಯ ಕೇಂದ್ರಗಳ ಮಾತನ್ನೂ ಪರೀಕ್ಷಿಸುತ್ತದೆ. ಆಲಿಕೆಯಲ್ಲಿ ಒಣಎಲೆ ಸಿಕ್ಕಿಕೊಂಡರೆ, ಜೇಡ ಬಲೆ ಕಟ್ಟಿದರೆ, ಪಾರಿವಾಳ ಗಲೀಜು ಮಾಡಿದರೆ ಮಾಪಕ ಸೊನ್ನೆ ಎನ್ನುತ್ತದೆ. ಮಳೆ ಇಲ್ಲದ ಸೊನ್ನೆಗೂ ಯಂತ್ರ ಕೆಟ್ಟ ಸೊನ್ನೆಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ಸುತ್ತಲಿನ ನಾಲ್ಕು ಮಾಪಕಗಳು 40 ಮಿ.ಮೀ. ಎನ್ನುವಾಗ ನಡುವಿನದೊಂದು ಸೊನ್ನೆ ಎಂದರೆ ಅದನ್ನು ಅನುಮಾನಿಸಬೇಕು. ಸುತ್ತಲಿನವರೇ ಇಲ್ಲದಿದ್ದರೆ ಆ ಸೊನ್ನೆಯನ್ನೇ ನಂಬಬೇಕಾಗುತ್ತದೆ.

ಹಳ್ಳಿಗಳಲ್ಲಿ ಈ ಸೊನ್ನೆಯ ಬೆಲೆ ಹಣದ ರೂಪದಲ್ಲಿ ತಿಳಿಯುತ್ತದೆ. ಅಡಿಕೆ, ಕರಿಮೆಣಸು ಬೆಳೆಗಾರರ ಹವಾಮಾನ ಆಧಾರಿತ ಬೆಳೆ ವಿಮೆ ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿಯನ್ನು ಅವಲಂಬಿಸಿದೆ. ಮಾಪಕ ಕೆಟ್ಟು ನಿಂತ ಕಾರಣಕ್ಕೆ ವಿಮೆಯ ಹಣಕ್ಕೆ ತಕರಾರು ಎದ್ದು ಮಲೆನಾಡಿನ ರೈತರು ದನಿ ಎತ್ತಿದ್ದುಂಟು. ಕಂಬ ನೆಡುವುದು ಒಂದು ದಿನದ ಸಮಾರಂಭ. ಆಲಿಕೆ ತೊಳೆಯುವುದು, ಬ್ಯಾಟರಿ ಬದಲಾಯಿಸುವುದು, ಅಳತೆ ಸರಿಯಿದೆಯೇ ಎಂದು ನೋಡುವುದು ವರ್ಷವಿಡೀ ನಡೆಯಬೇಕಾದ, ಯಾರೂ ಹಾರ ಹಾಕದ ಕೆಲಸ.

ನಗರದಲ್ಲಿ ಜಾಗದ್ದೇ ದೊಡ್ಡ ತೊಡಕು. ಮಳೆಮಾಪಕ ಪಕ್ಕದ ಕಟ್ಟಡ ಅಥವಾ ಮರದ ಎತ್ತರದ ಕನಿಷ್ಠ ಎರಡರಷ್ಟು ದೂರದಲ್ಲಿರಬೇಕು ಎಂಬುದು ನಿಯಮ. ನಾಲ್ಕು ಅಂತಸ್ತಿನ ಮನೆ ಸುಮಾರು 12 ಮೀಟರ್ ಎತ್ತರವಿದ್ದರೆ ಮಾಪಕ 24 ಮೀಟರ್ ದೂರವಿರಬೇಕು. 30 ಅಡಿ ಅಗಲದ ನಿವೇಶನವೆಂದರೆ ಸುಮಾರು ಒಂಬತ್ತು ಮೀಟರ್ ಮಾತ್ರ! ಒತ್ತೊತ್ತಾಗಿ ಕಟ್ಟಿದ ಬಿ.ಟಿ.ಎಂ. ಬಡಾವಣೆಯಲ್ಲಿ ಇಂಥ ಜಾಗ ಎಲ್ಲಿ ಸಿಗಬೇಕು? ತಾರಸಿಯ ಮೇಲಿಟ್ಟರೆ ಗಾಳಿ ಹನಿಗಳನ್ನು ಹಾರಿಸಿಕೊಂಡು ಹೋಗುತ್ತದೆ. ಕಾದ ಕಾಂಕ್ರೀಟು ಉಷ್ಣಾಂಶವನ್ನು ಏರಿಸುತ್ತದೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ಬಡಾವಣೆಯ ಜೊತೆಗೇ ಮೈದಾನ, ಉದ್ಯಾನಗಳನ್ನೂ ಯೋಜಿಸಿದ್ದರಿಂದ ಅಲ್ಲಿ ತಕ್ಕ ಜಾಗವಾದರೂ ಸಿಗುತ್ತದೆ. ಉಳಿದ ಬಯಲುಗಳನ್ನು ಕಾಪಾಡಿಕೊಳ್ಳಲು ಇದೂ ಒಂದು ಕಾರಣ.

ನೀರು ಹೋಗುವ ದಾರಿ

ದಕ್ಷಿಣ ಬೆಂಗಳೂರಿಗೆ ಬೀದಿಬೀದಿಯ ಲೆಕ್ಕ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಈ ಭಾಗದ ನಡುವೆ ಒಂದು ನೀರಿಳಿಯುವ ದಿಣ್ಣೆ ಹಾದುಹೋಗುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡ್ಡದಲ್ಲಿ ಹುಟ್ಟುವುದೆಂದು ಪ್ರತೀತಿಯಿರುವ ವೃಷಭಾವತಿ ಪಶ್ಚಿಮಕ್ಕೆ ತಿರುಗಿ, ಅರ್ಕಾವತಿಯನ್ನು ಸೇರಿ, ಕಾವೇರಿಗೆ ಹೋಗುತ್ತದೆ. ಪೂರ್ವದ ಇಳಿಜಾರಿನ ನೀರು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಸಾಲನ್ನು ಹಿಡಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ದಿಣ್ಣೆಯ ಈಚೆ ಬಿದ್ದ ಮಳೆ ಒಂದು ದಾರಿ, ಆಚೆ ಬಿದ್ದ ಮಳೆ ಇನ್ನೊಂದು ದಾರಿ. ನಗರದ ‘ಸರಾಸರಿ’ ಮಳೆ ಯಾವ ಕಾಲುವೆಗೂ ಬೀಳುವುದಿಲ್ಲ.

ಪ್ರಮಾಣವನ್ನು ಅಂದಾಜು ಮಾಡುವುದು ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಒಂದು ಚದರ ಕಿಲೋಮೀಟರ್ ಬಡಾವಣೆಯ ಮೇಲೆ 50 ಮಿ.ಮೀ. ಮಳೆಯಾದರೆ ಐದು ಕೋಟಿ ಲೀಟರ್. ಮಣ್ಣಿನ ನೆಲ ಅದರಲ್ಲಿ ಒಂದಷ್ಟನ್ನು ಕುಡಿಯುತ್ತಿತ್ತು, ಕಾಂಕ್ರೀಟು ಕುಡಿಯುವುದಿಲ್ಲ. ಇದೇ ಲೆಕ್ಕದ ಇನ್ನೊಂದು ಮುಖವೂ ಇದೆ. 30-40ರ ನಿವೇಶನದ ಮೇಲೆ 100 ಮಿ.ಮೀ. ಮಳೆಯಾದರೆ ಸುಮಾರು 11 ಸಾವಿರ ಲೀಟರ್, ಎಂದರೆ ಒಂದು ದೊಡ್ಡ ಟ್ಯಾಂಕರಿಗೆ ಹತ್ತಿರ. ಜಯನಗರ ಐದನೇ ಬ್ಲಾಕಿನಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ವಿಷಯೋದ್ಯಾನ ಕಲಿಸುವ ಪಾಠ ಇದೇ. 2024ರ ಬೇಸಿಗೆಯಲ್ಲಿ ಟ್ಯಾಂಕರುಗಳ ಹಿಂದೆ ಓಡಿದವರಿಗೆ ಈ ಅಂಕಿ ಬೇಗ ಅರ್ಥವಾದೀತು.

ಆದರೆ ಲೆಕ್ಕ ತಿಳಿದ ಮಾತ್ರಕ್ಕೆ ಆಪತ್ತು ತಪ್ಪುವುದಿಲ್ಲ. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ನೀರಿಗೆ ಕಾರು ಸಿಲುಕಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. 2025ರ ಮೇ 18ರ ರಾತ್ರಿಯ ಮಳೆ ನಗರದಲ್ಲಿ ನೂರು ಮಿ.ಮೀ. ದಾಟಿತು, ಕೆಂಗೇರಿಯಲ್ಲಿ 132 ಮಿ.ಮೀ. ದಾಖಲಾಯಿತು. ಮರುದಿನ ಬಿ.ಟಿ.ಎಂ. ಎರಡನೇ ಹಂತದ ಎನ್.ಎಸ್. ಪಾಳ್ಯದಲ್ಲಿ ವಸತಿ ಸಮುಚ್ಚಯಕ್ಕೆ ನುಗ್ಗಿದ ನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ ತಗುಲಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ಸತ್ತರು. ಅಷ್ಟು ಹೊತ್ತಿಗೆ ರಾತ್ರಿಯ ಮಳೆಯ ಅಂಕಿಗಳೆಲ್ಲ ಪ್ರಕಟವಾಗಿದ್ದವು. ಎಷ್ಟು ಮಳೆ ಬಂತೆಂದು ಊರಿಗೆಲ್ಲ ಗೊತ್ತಿತ್ತು. ತಗ್ಗಿನ ಮನೆಗಳಲ್ಲಿ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು, ನೀರಿಗೆ ಇಳಿಯಬಾರದು ಎಂಬ ಮಾತು ಆ ಅಂಕಿಯ ಜೊತೆಗೆ ಮನೆಮನೆಗೆ ಹೋಗಬೇಕಿತ್ತು.

ಕೊನೆಯ ಈ ಹೆಜ್ಜೆಯೇ ಕಷ್ಟದ್ದು. ರೈತರ ಕರೆಗೆ ಉತ್ತರಿಸಲು ‘ವರುಣ ಮಿತ್ರ’ ಸಹಾಯವಾಣಿ, ನಗರದವರಿಗಾಗಿ ‘ಮೇಘ ಸಂದೇಶ’ ಎಂಬ ಮೊಬೈಲ್ ತಂತ್ರಾಂಶ, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳು ಹೀಗೆ ಪ್ರಯತ್ನಗಳು ನಡೆದಿವೆ. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆ ಐದು ನಗರ ಪಾಲಿಕೆಗಳಾಗಿ ಹಂಚಿಹೋಯಿತು. ಪಾಲಿಕೆಗಳ ಗಡಿ ಬದಲಾದರೂ ನೀರಿನ ಗಡಿ ಬದಲಾಗಿಲ್ಲ. ಮೇಲಿನ ಬಡಾವಣೆಯ ಮಾಪಕ 15 ನಿಮಿಷದಲ್ಲಿ 20 ಮಿ.ಮೀ. ಎಂದರೆ ಕೆಳಗಿನ ಬಡಾವಣೆಯ ಎಂಜಿನಿಯರಿಗೆ, ವಿದ್ಯುತ್ ಸಿಬ್ಬಂದಿಗೆ, ಸಂಚಾರ ಪೊಲೀಸರಿಗೆ ತಕ್ಷಣ ಕರೆ ಹೋಗಬೇಕು. ಜಾಲ ಎಂಬ ಮಾತಿಗೆ ಪೂರ್ಣ ಅರ್ಥ ಬರುವುದು ಆಗಲೇ.

ಮನೆಯಂಗಳದಲ್ಲೂ ಅಳೆಯಬಹುದು

ಆಸಕ್ತಿಯುಳ್ಳವರು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಹೊಟ್ಟೆ ಉಬ್ಬಿದ ಬಿಂದಿಗೆ ಬೇಡ; ನೆಟ್ಟಗಿನ ಗೋಡೆಯ ಸ್ಟೀಲ್ ಡಬ್ಬ ಸಾಕು. ಅದನ್ನು ಮರ, ಮಾಡುಗಳಿಂದ ದೂರವಿಟ್ಟು ಬೆಳಿಗ್ಗೆ ಎಂಟೂವರೆಗೆ ಅಡಿಕೋಲಿನಿಂದ ನೀರಿನ ಎತ್ತರವನ್ನು ಅಳೆದರೆ ಆ ದಿನದ ಮಳೆ ಸಿಕ್ಕಿತು. ಡಬ್ಬದ ಅಗಲ ಎಷ್ಟೇ ಇರಲಿ, ಎತ್ತರ ಒಂದೇ. ಮಳೆ ಇಲ್ಲದ ದಿನ ಸೊನ್ನೆಯನ್ನೂ ಬರೆಯಬೇಕು. ಬರೆದದ್ದನ್ನು ಎಸೆಯದೆ ಇಟ್ಟುಕೊಳ್ಳಬೇಕು.

ಏಕೆಂದರೆ ಇಂದಿನ ಅಂಕಿಯ ಬೆಲೆ ಇಂದೇ ಪೂರ್ತಿ ತಿಳಿಯುವುದಿಲ್ಲ. ಒಂದು ಜಾಗದ ಹವಾಗುಣ ಇಂಥದು ಎಂದು ಹೇಳಲು ವಿಜ್ಞಾನಿಗಳು 30 ವರ್ಷಗಳ ದಾಖಲೆಯನ್ನು ಕೇಳುತ್ತಾರೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆಯಾಯಿತು. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ ಅದು ದಾಖಲೆ ಎಂದು ಹೇಳಲು ಸಾಧ್ಯವಾದದ್ದು 1891ರ ಜೂನ್ 16ರ 101.6 ಮಿ.ಮೀ. ಎಂಬ ಹಳೆಯ ಅಂಕಿ ಉಳಿದುಬಂದಿದ್ದರಿಂದ. ಅಂದಿನ ಮಾನದಲ್ಲಿ ಅದು ಸರಿಯಾಗಿ ನಾಲ್ಕು ಅಂಗುಲ. ಕಂಬವಿಲ್ಲದ, ಸೌರಫಲಕವಿಲ್ಲದ ಕಾಲದಲ್ಲಿ ಹೆಸರು ಉಳಿಯದ ಯಾರೋ ಒಬ್ಬರು ಅದನ್ನು ಅಳೆದು, ಬರೆದಿಟ್ಟು ಹೋಗಿದ್ದರು. 133 ವರ್ಷಗಳ ನಂತರ ಅದು ಕೆಲಸಕ್ಕೆ ಬಂತು.